ಮಾವನ ಮೂರನೇ ‘ಬೇಡ’

ನಮ್ಮ ಸೋದರಮಾವನಷ್ಟು ಊಟಪ್ರಿಯರು ಇಡೀ ಲಕ್ಷ್ಮೀಪುರಂನಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಸಲ ಅರೆಹೊಟ್ಟೆಯಲ್ಲಿ ಎದ್ದು ಬಂದವರೂ ಇನ್ನೊಬ್ಬರಿಲ್ಲ! ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎನ್ನುತ್ತೀರಾ? ಕಾರಣ ಒಂದೇ ಪದ: ‘ಬೇಡ’.

ಕೇಳಿದ ಕೂಡಲೇ ‘ಹೂಂ’ ಅನ್ನುವವನು ಹೊಟ್ಟೆಬಾಕ ಎಂದು ನಮ್ಮಜ್ಜಿ ಮನೆಮಕ್ಕಳಿಗೆಲ್ಲ ಪಾಠ ಹೇಳಿದ್ದರು. ನಾವು ಮರುದಿನವೇ ಮರೆತೆವು. ಮಾವನಿಗೆ ಅರವತ್ತಮೂರು ತುಂಬಿತು, ಇನ್ನೂ ಮರೆತಿಲ್ಲ. ಅವರ ಸೂತ್ರ ಇದು: “ಮೊದಲನೇ ಬೇಡ ಮರ್ಯಾದೆಗೆ ಕಣಮ್ಮ. ಎರಡನೇದು ಯೋಚನೆಗೆ. ಮೂರನೇ ಸಲಾನೂ ಬೇಡ ಅಂದ್ರೆ ಮಾತ್ರ ಬೇಡ ಅಂತ ಅರ್ಥ.”

ಸೂತ್ರದಲ್ಲಿ ದೋಷವಿಲ್ಲ. ಲೋಕಕ್ಕೆ ಮೂರು ಸಲ ಕೇಳುವ ವ್ಯವಧಾನವಿಲ್ಲ, ಅಷ್ಟೆ.

ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರು ಎಲೆಯ ಮುಂದೆ ಅರೆಕ್ಷಣ ನಿಲ್ಲುತ್ತಾರೆ. ಮಾವ ಅಂಗೈ ಅಡ್ಡ ಹಿಡಿಯುತ್ತಾರೆ. ಹೋಳಿಗೆ ಪಕ್ಕದೆಲೆಗೆ ಹೋಗುತ್ತದೆ. ಮಾವನ ಕಣ್ಣು ಅದರ ಹಿಂದೆಯೇ ಪಂಕ್ತಿಯ ಕೊನೆಯವರೆಗೂ ಹೋಗಿ, ಬರಿಗೈಯಲ್ಲಿ ವಾಪಸು ಬರುತ್ತದೆ.

ಮಾವ ಕಾಲೇಜು ಗ್ರಂಥಾಲಯದಿಂದ ನಿವೃತ್ತರಾದ ದಿನ ಪ್ರಿನ್ಸಿಪಾಲರು, “ಎರಡು ಮಾತು ಆಡ್ತೀರಾ?” ಎಂದರು. “ಬೇಡ ಸಾರ್,” ಎಂದರು ಮಾವ. ಪ್ರಿನ್ಸಿಪಾಲರು ತಲೆಯಾಡಿಸಿ ವಂದನಾರ್ಪಣೆಯವರನ್ನು ಕರೆದರು. ಮಾವ ಜೇಬಿನಲ್ಲಿ ನಾಲ್ಕು ಪುಟದ ಭಾಷಣ ಬರೆದಿಟ್ಟುಕೊಂಡಿದ್ದರು ಪಾಪ! ಅದನ್ನು ನಮ್ಮನೆ ಸೋಫಾದ ಮೇಲೆ ಕೂತು ನಮಗೆ ಓದಿದರು. ಚೆನ್ನಾಗಿಯೇ ಇತ್ತು.

ಮದುವೆಯೂ ಹೀಗೇ ತಪ್ಪಿತು. ಹುಡುಗಿ ನೋಡಲು ಹೋದಾಗ ಹುಡುಗಿಯ ತಂದೆ, “ಮಾತು ಮುಂದುವರಿಸೋಣವಾ?” ಎಂದು ಕೇಳಿದರು. ಮಾವ ತಲೆ ತಗ್ಗಿಸಿ, “ಈಗಲೇ ಬೇಡ,” ಎಂದುಬಿಟ್ಟರು. ಹುಡುಗಿಯ ಮನೆಯವರು ಪುಣೆಯಲ್ಲಿ ನೆಲೆಸಿದವರು, ಒಂದೇ ಸಲ ಕೇಳುವ ಜನ. ಎರಡನೇ ಸಲ ಕೇಳಲಿ ಎಂದು ಮಾವ ಕಾದರು. ಕಾಯುತ್ತ ಬ್ರಹ್ಮಚಾರಿಯಾಗಿಯೇ ಉಳಿದರು.

ಈ ಊರಲ್ಲಿ ಅವರನ್ನು ಮೂರು ಸಲ ಕೇಳುವವರು ಒಬ್ಬರೇ, ಸರಸ್ವತಿಪುರಂನ ಟೀಚರ್. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ, ನಡುವೆ ಇನ್ನೊಬ್ಬರು ಆರಾಮಾಗಿ ನಡೆಯುವಷ್ಟು ಜಾಗ ಬಿಟ್ಟು! ಸುತ್ತು ಮುಗಿದ ಮೇಲೆ ಟೀಚರ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, “ಕಾಫಿ ಬೇಕಾ, ಬೇಕಾ, ಬೇಕಾ? ಮೂರಾಯ್ತು. ಹಿಡೀರಿ ಲೋಟ,” ಎನ್ನುತ್ತಾರೆ. ಗಣಿತದವರಲ್ಲವೇ, ಹಂತಗಳನ್ನು ಹಾರಿಸುವುದಿಲ್ಲ.

ಈಚೆಗೆ ಧಾರವಾಡದಲ್ಲಿರುವ ಅವರ ಮಗಳು, “ಮನೆ ಖಾಲಿ ಮಾಡಿ ಇಲ್ಲಿಗೇ ಬಂದ್ಬುಡಮ್ಮ. ಭಾನುವಾರ ಫೋನ್ ಮಾಡ್ತೀನಿ, ಒಂದು ನಿರ್ಧಾರ ಹೇಳು,” ಎಂದಳಂತೆ. ಸುದ್ದಿ ಹೇಳಿದ ಮಾವ ಅಂದು ನಮ್ಮನೆಯಲ್ಲಿ ತಿಂಡಿ ಮುಟ್ಟಲಿಲ್ಲ.

“ಹೋಗ್ಬೇಡಿ ಅಂತ ಹೇಳ್ಬಾರ್ದಾ ಮಾವ?”

“ಅವರು ಕೇಳ್ದೆ ನಾನೆಂಗೆ ಹೇಳ್ಲಿ?”

ಇವರನ್ನು ಏನು ಮಾಡಬೇಕು, ನೀವೇ ಹೇಳಿ! ನಾನೊಂದು ಉಪಾಯ ಮಾಡಿದೆ. ಆಫೀಸಿನಲ್ಲಿ ನನಗೆ ಬಹುಮಾನವಾಗಿ ಬಂದ ಕೂಪನ್ ಒಂದಿತ್ತು, ಹಳೇ ಬಂಗಲೆಯೊಂದರಲ್ಲಿ ಹೊಸದಾಗಿ ಶುರುವಾದ ಫ್ರೆಂಚ್ ಹೋಟೆಲಿನಲ್ಲಿ ಮೂವರ ಊಟಕ್ಕೆ. ಶನಿವಾರ ಮಧ್ಯಾಹ್ನ ಇಬ್ಬರನ್ನೂ ಕರೆದುಕೊಂಡು ಹೋದೆ. ಎದುರುಬದುರು ಕೂತರೆ ಯಾರಾದರೂ ಬಾಯಿ ಬಿಟ್ಟಾರು ಎಂಬ ಆಸೆ.

ಮೊದಲ ತಟ್ಟೆ ಬಂತು. ಗಾಡಿ ಚಕ್ರದಷ್ಟು ಅಗಲ. ನಟ್ಟನಡುವೆ ಬೀಟ್‌ರೂಟಿನ ಒಂದು ಬಿಲ್ಲೆ, ಅದರ ಮೇಲೊಂದು ಎಲೆ, ಪಕ್ಕದಲ್ಲಿ ಮೂರು ಹನಿ ಹಸಿರು. ಮಾವ ಅದನ್ನು ಗೌರವದಿಂದ ನೋಡಿ ಕೈಕಟ್ಟಿ ಕೂತರು.

“ತಿನ್ನಿ ಮಾವ.”

“ಇರಮ್ಮ, ಅನ್ನ ಬರ್ಲಿ.”

“ಇಲ್ಲಿ ಅನ್ನ ಬರಲ್ಲ.”

“ಪಲ್ಯ ಬಂದ್ಮೇಲೆ ಅನ್ನ ಬರ್ದೆ ಎಲ್ಲಿಗೆ ಹೋಗುತ್ತೆ?”

ಕಪ್ಪು ಕೋಟಿನ ಸರ್ವರ್ ಬಂದು ಮುಟ್ಟದ ತಟ್ಟೆ ನೋಡಿದರು. “ಇದು ಬೇಕಾ ಸಾರ್?”

“ಬೇಡ, ಬೇಡ,” ಎಂದರು ಮಾವ, ನಾಚಿಕೆಯಿಂದ. ಎರಡಾಗಿತ್ತು, ಇನ್ನೊಂದು ಬಾಕಿ ಇತ್ತು. ಫ್ರಾನ್ಸಿನವರ ಪದ್ಧತಿಯಲ್ಲಿ ಅಷ್ಟು ಪುರುಸೊತ್ತಿಲ್ಲ. ತಟ್ಟೆ ಹೋಯಿತು!

ಎರಡನೆಯದು ಕಾಫಿ ಲೋಟಕ್ಕಿಂತ ಚಿಕ್ಕ ಬಟ್ಟಲಲ್ಲಿ ಅಣಬೆ ಸೂಪು. ಮಾವ ಅದನ್ನು ಸಾರು ಎಂದು ಗುರುತಿಸಿ, ಅನ್ನಕ್ಕೆಂದು ಎತ್ತಿಟ್ಟರು. ಅದೂ ಹೋಯಿತು. ಮೂರನೆಯದು ಹೆಬ್ಬೆರಳಿನಷ್ಟು ಚೀಸಿನ ಕಡುಬಿನಂಥದ್ದು. ಅದರ ಹೆಸರನ್ನು ಸರ್ವರ್ ವಿವರಿಸಿ ಮುಗಿಸುವಷ್ಟರಲ್ಲಿ ನಾನು ತಿಂದು ಮುಗಿಸಿದ್ದೆ.

“ಹೆಸರು ಉದ್ದ, ತಿಂಡಿ ಗಿಡ್ಡ,” ಎಂದರು ಟೀಚರ್. “ತಟ್ಟೆಯಿಂದ ಇದನ್ನ ಭಾಗಿಸಿದ್ರೆ ಸೊನ್ನೆ ಪಕ್ಕ ಬಿಂದು ಹಾಕ್ಬೇಕು.” ಆಮೇಲೆ ತಮ್ಮ ಪಾಲನ್ನು ಚಾಕುವಿನಿಂದ ಸಮವಾಗಿ ಕತ್ತರಿಸಿ, ಅರ್ಧ ಮಾವನ ತಟ್ಟೆಗೆ ಸರಿಸಿದರು. “ಬೇಕಾ, ಬೇಕಾ, ಬೇಕಾ? ತಿನ್ರೀ ಸುಮ್ನೆ.”

ಮಾವ ತಿಂದರು. “ರುಚಿ ಪರ್ವಾಗಿಲ್ಲ. ಉಪಚಾರ ಸಾಲ್ದು.”

ಹೀಗೆ ಐದು ತಟ್ಟೆ ಕಳೆಯಿತು. ಕೆರೆಯ ಹಕ್ಕಿಗಳ ಬಗ್ಗೆ, ಬಂಗಲೆಯ ತೊಲೆಗಳ ಬಗ್ಗೆ ಮಾತಾಯಿತು. ಧಾರವಾಡದ ಹೆಸರನ್ನು ಯಾರೂ ಎತ್ತಲಿಲ್ಲ. ನನ್ನ ಉಪಾಯವೂ ಆ ಬೀಟ್‌ರೂಟಿನ ದಾರಿ ಹಿಡಿಯಿತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಟೀಚರ್ ಚಮಚ ಕೆಳಗಿಟ್ಟರು.

“ನಾಳೆ ಮಗಳು ಫೋನ್ ಮಾಡ್ತಾಳೆ. ಹೋಗ್ಬುಡ್ಲಾ?”

“ಬೇಡ,” ಎಂದರು ಮಾವ, ತಟ್ಟೆ ನೋಡುತ್ತ. ಹೋಳಿಗೆಗೆ ಹೇಳುವ ಅದೇ ದನಿ! ಇದು ಮರ್ಯಾದೆಯದೋ ಮನಸ್ಸಿನದೋ, ಯಾರಿಗೆ ಗೊತ್ತಾಗಬೇಕು?

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಈ ಸಲ ಮೂರನ್ನೂ ಒಂದೇ ಉಸಿರಿಗೆ ಕೇಳಲಿಲ್ಲ. ಬಿಡುವು ಕೊಟ್ಟರು.

“ಹೋಗ್ಲಾ?”

ಮಾವ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದರು, ಬಿಡಿಸಿದರು. “ಬೇಡ.”

ಕೊನೆಯ ಸಿಹಿ ಹಿಡಿದು ಬಂದ ಸರ್ವರ್ ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ಟೀಚರ್ ಕನ್ನಡಕ ಹಾಕಿಕೊಳ್ಳಲೇ ಇಲ್ಲ. ದನಿ ಬಹಳ ತಗ್ಗಿತ್ತು.

“ಹೋಗ್ಲಾ?”

ಮಾವ ತಲೆ ಎತ್ತಿದರು. ನಾನು ಹುಟ್ಟಿದಾಗಿನಿಂದ ಆ ಮನುಷ್ಯ ಯಾರನ್ನೂ ಹಾಗೆ ನೇರವಾಗಿ ನೋಡಿದ್ದು ಕಂಡಿಲ್ಲ.

“ಬೇಡ ಕಣ್ರೀ.”

ಟೀಚರ್ ಲೆಕ್ಕ ತಾಳೆಯಾದವರಂತೆ ಒಮ್ಮೆ ತಲೆಯಾಡಿಸಿ, ಕಿಟಕಿಯ ಕಡೆ ಮುಖ ತಿರುಗಿಸಿ, ಸೆರಗಿನ ತುದಿಯಿಂದ ಈಗ ಕಣ್ಣನ್ನೇ ಒರೆಸಿಕೊಂಡರು.

ಸರ್ವರ್ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. “ಸಾರ್, ಸ್ವೀಟ್ ಹಾಕ್ಲಾ?”

“ಹಾಕಿ,” ಎಂದರು ನಮ್ಮ ಮಾವ. ಒಂದೇ ಸಲಕ್ಕೆ.