ಗುಂಡಿನ ಮಷಿನ್ನಿನಲ್ಲಿ ದೇವರ ದೀಪ

ತ್ರಿವಿಕ್ರಮನ ಹಣೆಬರಹ ಕೆಟ್ಟಿದ್ದು ಒಂದು ಚೀಟಿಯಿಂದ. ಸಿಡ್ನಿಯ ರೌಸ್ ಹಿಲ್‌ನಲ್ಲಿರುವ ಅವರ ಕನ್ನಡ ಬಳಗದವರು ಪ್ರತಿ ಕಾರ್ತೀಕದಲ್ಲೂ ನೂರೆಂಟು ಹಿತ್ತಾಳೆ ದೀಪ ಹಚ್ಚುತ್ತಾರೆ. ಅವನ್ನು ತೊಳೆದು ಬೆಳಗುವವರು ಯಾರು ಎಂದು ಚೀಟಿ ಎತ್ತುತ್ತಾರೆ. ಮೂರು ವರ್ಷದ ಹಿಂದೆ ಇವನ ಹೆಸರು ಬಂತು. ಒಂದು ವರ್ಷದ ಕರ್ಮ, ಕಳೆಯಿತು ಎನ್ನಬಹುದಿತ್ತು. ಆದರೆ ಬಳಗದ ಹಿರಿಯರಾದ ಇಂದಿರಮ್ಮನವರದು ಒಂದು ನಿಯಮವಿತ್ತು: ಒಂದೇ ಒಂದು ದೀಪದಲ್ಲಿ ಕಪ್ಪು ಉಳಿದರೂ ಮುಂದಿನ ವರ್ಷ ಚೀಟಿ ಇಲ್ಲ, ಮತ್ತೆ ಅವರೇ ತೊಳೆಯಬೇಕು.

ಇಂದಿರಮ್ಮ ಮೈಸೂರಿನಲ್ಲಿ ಮೂವತ್ತು ವರ್ಷ ಹೆಡ್ಮಿಸ್ ಆಗಿದ್ದವರು. ಹೇರ್‌ಪಿನ್ನಿನ ತುದಿಗೆ ಬಿಳಿ ಬಟ್ಟೆ ಸುತ್ತಿ ದೀಪದ ಹೂಬಳ್ಳಿಯ ಕೆತ್ತನೆಯೊಳಗೆ ತೂರಿಸಿ ನೋಡುವವರು. ಮೊದಲ ವರ್ಷ ಹದಿನೇಳು ದೀಪ ವಾಪಸ್ಸು ಬಂದವು. ಎರಡನೇ ವರ್ಷ ಒಂಬತ್ತು. ಹೋದ ವರ್ಷ ತ್ರಿವಿಕ್ರಮ ಹುಣಸೆಹಣ್ಣು ತಿಕ್ಕಿ ತಿಕ್ಕಿ ಬೆರಳಿನ ಚರ್ಮ ಸುಲಿದುಕೊಂಡ, ಆಫೀಸಿನ ಬಾಗಿಲು ಅವನ ಬೆರಳಚ್ಚನ್ನು ಗುರುತು ಹಿಡಿಯಲಿಲ್ಲ. ಆಗ ಬರೀ ಒಂದು ದೀಪ ವಾಪಸ್ಸು ಬಂತು. ಒಂದೇ ಒಂದು! ಬಳಗದವರೆಲ್ಲ ಬಿದ್ದು ಬಿದ್ದು ನಕ್ಕರು. ಈ ಸಲ ಹೇಗಾದರೂ ಮಾಡಿ ಈ ಪೀಡೆಯಿಂದ ಬಿಡುಗಡೆ ಆಗಲೇಬೇಕೆಂದು ಅವನು ಹಲ್ಲು ಕಚ್ಚಿ ತೀರ್ಮಾನಿಸಿದ.

ದಾರಿ ತೋರಿಸಿದವನು ಆಫೀಸಿನಲ್ಲಿ ಪಕ್ಕದ ಕುರ್ಚಿಯ ಬಿಳಿಯ ಗೆಳೆಯ ಬ್ಯಾರಿ. ಅವನು ಬಂದೂಕಿನ ಲೈಸೆನ್ಸ್ ಇಟ್ಟುಕೊಂಡು ವೀಕೆಂಡಿನಲ್ಲಿ ಕ್ಲಬ್ಬಿಗೆ ಹೋಗಿ ಗುರಿ ಹೊಡೆಯುವವನು. ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ತೋಟಾಗಳನ್ನು ಆರಿಸಿ ತಂದು, ತೊಳೆದು, ಮತ್ತೆ ಮದ್ದು ತುಂಬಿಸಿ ಬಳಸುತ್ತಾನೆ. ಒಂದು ದಿನ ಊಟದ ಹೊತ್ತಿನಲ್ಲಿ ಫೋಟೋ ತೋರಿಸಿದ. ತ್ರಿವಿಕ್ರಮನಿಗೆ ತೋಟಾ ಕಾಣಲಿಲ್ಲ, ಹೊಳಪು ಕಂಡಿತು.

"ಇಷ್ಟು ಹೊಳೀಬೇಕಾದ್ರೆ ಎಷ್ಟು ಹೊತ್ತು ತಿಕ್ತೀಯಪ್ಪಾ?"

"ನಾನ್ಯಾಕೆ ತಿಕ್ಕಲಿ? ಟಂಬ್ಲರ್ ತಿಕ್ಕುತ್ತೆ. ನಾನು ಬಿಯರ್ ಕುಡೀತೀನಿ."

ಟಂಬ್ಲರ್ ಎಂದರೆ ಅಡ್ಡ ಮಲಗಿಸಿದ ಒಂದು ಡ್ರಮ್ಮು. ಒಳಗೆ ನೀರು, ಸೋಪು, ಜೀರಿಗೆಗಿಂತ ಸಣ್ಣ ಸ್ಟೀಲ್ ಕಡ್ಡಿಗಳು. ಗರಗರ ತಿರುಗಿದರೆ ಆ ಕಡ್ಡಿಗಳು ಸಂದಿಗೊಂದಿಗೆಲ್ಲ ನುಗ್ಗಿ ಕೊಳೆ ಕೆರೆದು ತರುತ್ತವೆ. ತ್ರಿವಿಕ್ರಮ ಎದ್ದು ಬ್ಯಾರಿಯನ್ನು ತಬ್ಬಿಕೊಂಡುಬಿಟ್ಟ.

ಆಮೇಲೆ ಶುರುವಾಯಿತು ಆಯ್ಕೆ. ತ್ರಿವಿಕ್ರಮ ಸಾಫ್ಟ್‌ವೇರ್ ಟೆಸ್ಟರ್, ಟೂತ್‌ಬ್ರಶ್ ಕೊಳ್ಳುವಾಗಲೂ ಕೋಷ್ಟಕ ಮಾಡುವ ಜಾತಿ. ಬ್ಯಾರಿ ಮೂರು ಸೂತ್ರ ಹೇಳಿಕೊಟ್ಟಿದ್ದ: ಡ್ರಮ್ಮಿನ ಒಳಗೆ ದಪ್ಪ ರಬ್ಬರ್ ಇರಬೇಕು, ಮುಚ್ಚಳ ಹನಿ ನೀರು ಬಿಡಬಾರದು, ಮೋಟಾರು ಇಡೀ ದಿನ ತಿರುಗಿದರೂ ಬಿಸಿಯಾಗಬಾರದು. "ಅಗ್ಗದ ಪ್ಲಾಸ್ಟಿಕ್ ತಗೊಂಡ್ಯೋ, ನಾಲ್ಕನೇ ವಾರಕ್ಕೆ ಬೆಲ್ಟ್ ಕಿತ್ಕೊಂಡು ಕೈಗೆ ಬರುತ್ತೆ." ತ್ರಿವಿಕ್ರಮ ಹದಿನಾಲ್ಕು ಮಾಡೆಲ್ ಜಾಲಾಡಿದ, ಇನ್ನೂರು ರಿವ್ಯೂ ಓದಿದ, ಡ್ರಮ್ಮಿನ ಗೋಡೆ ಎಷ್ಟು ಮಿಲಿಮೀಟರ್ ಎಂದು ಅಂಗಡಿಯವನಿಗೆ ಮೂರು ಸಲ ಫೋನ್ ಮಾಡಿ ಕಾಡಿದ. ಕೊನೆಗೆ ಆನೆಮರಿಯಷ್ಟು ತೂಗುವ ಒಂದು ಯಂತ್ರ ಮನೆಗೆ ಬಂತು. ರಟ್ಟಿನ ಪೆಟ್ಟಿಗೆಯ ಮೇಲೆ ಬಾಳೆಕಾಯಿ ಗಾತ್ರದ ಗುಂಡುಗಳ ಚಿತ್ರ.

ಹೆಂಡತಿ ಉಷಾ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಇಂದಿರಮ್ಮನ ಹತ್ರ ಒಂದು ಮಾತು ಹೇಳ್ಬಿಡ್ರೀ. ಅವರೇನು ನುಂಗಿಬಿಡ್ತಾರಾ?"

"ಏನಂತ ಹೇಳ್ಲಿ? ಗುಂಡು ತೊಳೆಯೋ ಮಷಿನ್ನಲ್ಲಿ ದೇವರ ದೀಪ ತೊಳೀತೀನಿ ಅಂತಲಾ? ಮೊದಲ್ನೇ ವರ್ಷ ಅಂಗಡಿ ಪಾಲಿಶ್ ವಾಸನೆ ಬಂತು ಅಂತ ಅರ್ಧ ಗಂಟೆ ಭಾಷಣ ಕುಟ್ಟಿದ್ರು. ಇದು ಗೊತ್ತಾದ್ರೆ ನನ್ನನ್ನೇ ಹುಣಸೆಹಣ್ಣು ಹಾಕಿ ತಿಕ್ತಾರೆ. ನೀನು ಬಾಯಿ ಮುಚ್ಕೊಂಡಿರು ತಾಯಿ."

ದೀಪಗಳನ್ನು ಹಬ್ಬದ ದಿನವೇ ತೊಳೆಯಬೇಕು ಎನ್ನುವುದು ಕೂಡ ಇಂದಿರಮ್ಮನ ಕಟ್ಟಳೆ. ಶನಿವಾರ ಬೆಳಿಗ್ಗೆ ಏಳಕ್ಕೆ ದೀಪದ ಮೂಟೆ ಬಂತು. ಉಷಾ ಬಳಗದ ಹಾಲ್ ಅಲಂಕಾರಕ್ಕೆ ಹೊರಟುಹೋದಳು. ತ್ರಿವಿಕ್ರಮ ಗ್ಯಾರೇಜಿನ ಬಾಗಿಲೆಳೆದುಕೊಂಡು ಡ್ರಮ್ಮಿಗೆ ಹನ್ನೆರಡು ದೀಪ ಹಾಕಿ ಸ್ವಿಚ್ ಒತ್ತಿದ. ಮುಕ್ಕಾಲು ಗಂಟೆಗೆ ತೆಗೆದು ನೋಡುತ್ತಾನೆ, ಅಬ್ಬಬ್ಬಾ! ಹೂಬಳ್ಳಿಯ ಎಲೆ ಎಲೆಯೂ ಈಗಷ್ಟೇ ಕಣ್ಣು ಬಿಟ್ಟ ಹಾಗಿತ್ತು. ಮೂರು ವರ್ಷದಲ್ಲಿ ಅವನು ಆ ಬಳ್ಳಿಯ ನಡುವೆ ಒಂದು ಗಿಳಿ ಇದೆ ಎಂದೇ ಕಂಡಿರಲಿಲ್ಲ. ಅವನಿಗೆ ಕಣ್ಣಲ್ಲಿ ನೀರು ಬಂತು. ಹೀಗೆ ಒಂಬತ್ತು ಸಲ ತಿರುಗಿಸಿದರೆ ಬದುಕೇ ಬಂಗಾರ.

ಎರಡನೇ ಸಲ ತಿರುಗುತ್ತಿರುವಾಗ ಗಾಳಿಗೆಂದು ಹೊರಗೆ ಬಂದರೆ ಬೇಲಿಯ ಮೇಲೆ ಒಂದು ತಲೆ ಮೂಡಿತು. ಪಕ್ಕದ ಮನೆಯ ಶಿವಬಸಪ್ಪ, ಧಾರವಾಡದವರು. ಊರವರ ಸುದ್ದಿಯೆಲ್ಲ ತಮ್ಮ ಮೂಲಕವೇ ಹಾದುಹೋಗಬೇಕು ಎಂಬ ಜವಾಬ್ದಾರಿ ಹೊತ್ತವರು.

"ತ್ರಿವಿಕ್ರಮ ಅವರ, ಮುಂಜಾನಿಂದ ಗ್ಯಾರೇಜಿನ್ಯಾಗ ಏನ್ರೀ ಅದು ಗರಗರ?"

ತ್ರಿವಿಕ್ರಮನ ನಾಲಿಗೆ ತಲೆಯನ್ನು ಕೇಳದೆ ಮಾತಾಡಿತು. "ಅದಾ? ವೆಟ್ ಗ್ರೈಂಡರ್ ಸಾರ್. ಹೊಸದು. ಟೆಸ್ಟ್ ಮಾಡ್ತಿದೀನಿ."

"ಹೌದ?" ಎಂದವರೇ ಮಾಯವಾದರು. ಹತ್ತು ನಿಮಿಷಕ್ಕೆ ಅವರ ಹೆಂಡತಿ ಹೇಮಲತಾ ಬಾಗಿಲಲ್ಲಿ ಹಾಜರು, ಕೈಯಲ್ಲಿ ಒಂದು ಬಕೆಟ್ಟು. ಬಕೆಟ್ಟಿನ ತುಂಬ ನೆನೆದ ಉದ್ದಿನಬೇಳೆ.

"ದೇವರ ಕಳಿಸಿದಂಗಾತು ನೋಡ್ರೀ ಅಣ್ಣಾರ! ಇವತ್ತಿನ ದೀಪೋತ್ಸವಕ್ಕ ವಡಿ ನಮ್ಮ ಪಾಲಿಗೆ ಬಂದದ. ನಮ್ಮ ಮಿಕ್ಸಿ ನಿನ್ನೆ ಕೆಟ್ಟು ಕುಂತದ. ನಿಮ್ಮ ಗ್ರೈಂಡರಿನ್ಯಾಗ ಒಂದೀಟು ರುಬ್ಬಿ ಕೊಟ್ಟುಬಿಡ್ರಿ."

"ಎಷ್ಟಿದೆ ಅಕ್ಕಾ?"

"ಭಾಳ ಇಲ್ರೀ. ಐದು ಕಿಲೋ."

ಬಕೆಟ್ಟಿಟ್ಟು ಹೇಮಲತಾ ಹೊರಟರು. ಮನೆಯಲ್ಲಿದ್ದದ್ದು ಚಟ್ನಿ ರುಬ್ಬುವ ಪುಟ್ಟ ಮಿಕ್ಸಿ. ತ್ರಿವಿಕ್ರಮ ಅಡುಗೆಮನೆಯ ಕಿಟಕಿ ಭದ್ರಪಡಿಸಿಕೊಂಡು ಹಿಡಿ ಹಿಡಿ ಬೇಳೆ ಹಾಕಿ ರುಬ್ಬತೊಡಗಿದ. ಅತ್ತ ಗ್ಯಾರೇಜಿಗೆ ಓಡಿ ದೀಪ ತೆಗೆಯುವುದು, ಕಡ್ಡಿ ಸೋಸುವುದು, ಇತ್ತ ಓಡಿ ಬೇಳೆ ತಳ್ಳುವುದು. ದೀಪ ತಿಕ್ಕುವ ಕಷ್ಟ ತಪ್ಪಿತು ಎಂದುಕೊಂಡವನ ತೋಳು ಭುಜದವರೆಗೆ ಹಿಟ್ಟು. ಮಿಕ್ಸಿ ಮೂರು ಸಲ ಬಿಸಿಯಾಗಿ ಮುಷ್ಕರ ಹೂಡಿತು. ಅದಕ್ಕೆ ಒದ್ದೆ ಬಟ್ಟೆ ಹೊದಿಸಿ, "ನಿನ್ನ ದಮ್ಮಯ್ಯ ಕಣೇ" ಎಂದು ಬೇಡಿಕೊಂಡು ಮತ್ತೆ ತಿರುಗಿಸಿದ. ಗ್ಯಾರೇಜಿನ ಆನೆಮರಿ ಮಾತ್ರ ಒಂದು ಸಲವೂ ಉಸ್ಸೆನ್ನಲಿಲ್ಲ.

ಏಳನೇ ಸಲಕ್ಕೆ ಡ್ರಮ್ಮು ತುಂಬುವ ಹೊತ್ತಿಗೆ ಶಿವಬಸಪ್ಪ ಮತ್ತೆ ಬಂದರು, ಈ ಸಲ ಮುಂಬಾಗಿಲಿನಿಂದ. ಮುಖ ಸಾವಿನ ಮನೆಗೆ ಬಂದವರ ಹಾಗಿತ್ತು. ಕೈಯಲ್ಲಿ ರೀಸೈಕಲ್ ತೊಟ್ಟಿಗೆ ಹಾಕಿದ್ದ ಆ ರಟ್ಟು.

"ತೊಟ್ಟಿ ಮುಚ್ಚಳ ತಗದಿತ್ತು, ನಾ ಬೇಕಂತ ನೋಡಿಲ್ಲ. ಖರೆ ಹೇಳ್ರಿ. ಬಂದೂಕ ತಗೊಂಡೀರೇನು? ಮುಂದಿನ ತಿಂಗಳ ನಿಮ್ಮ ಸಿಟಿಜನ್‌ಶಿಪ್ ಅದ. ಉಷಾ ಅವರಿಗೆ ಗೊತ್ತದೋ ಇಲ್ಲೋ?"

ತ್ರಿವಿಕ್ರಮನಿಗೆ ಅತ್ತ ದರಿ, ಇತ್ತ ಪುಲಿ. ಬಾಗಿಲು ತೆಗೆದು ಮಷಿನ್ ತೋರಿಸಿದರೆ ದೀಪದ ಗುಟ್ಟು ಸಂಜೆಯೊಳಗೆ ಪಕ್ಕದ ಬಡಾವಣೆ ಬ್ಲ್ಯಾಕ್‌ಟೌನ್ ದಾಟುತ್ತದೆ. ತೋರಿಸದಿದ್ದರೆ ಬಂದೂಕಿನ ಸುದ್ದಿ ದಾಟುತ್ತದೆ.

"ಅಯ್ಯೋ ಸಾರ್, ಬಂದೂಕೂ ಇಲ್ಲ ಗಿಂದೂಕೂ ಇಲ್ಲ. ಆಫೀಸಿನ ಬ್ಯಾರಿ ಗ್ರೈಂಡರನ್ನ ಅವನ ಹಳೇ ಡಬ್ಬದಲ್ಲಿ ಹಾಕಿ ಕೊಟ್ಟ."

"ಬಿಳಿ ಮನಷಾಗ ವೆಟ್ ಗ್ರೈಂಡರ್ ಎಲ್ಲಿಂದ ಬಂತ್ರೀ?"

"ಅವನಿಗೆ ಇಡ್ಲಿ ಅಂದ್ರೆ ಪ್ರಾಣ ಸಾರ್! ನೋಡಿ, ನಿಮ್ಮ ಹಿಟ್ಟು ರೆಡಿ." ಎಂದು ಬಕೆಟ್ಟನ್ನು ಅವರ ಎದೆಗೆ ಒತ್ತಿದ. ಶಿವಬಸಪ್ಪ ಬೆರಳದ್ದಿ ನೋಡಿದರು. ಹಿಟ್ಟು ಬೆಣ್ಣೆಯ ಹಾಗಿತ್ತು. ಮುಖ ಅರಳಿತು.

"ಭಾರಿ ಗ್ರೈಂಡರ್ ಬಿಡ್ರಿ," ಎಂದು ಹೊರಟರು. ತ್ರಿವಿಕ್ರಮ ಬಾಗಿಲಿಗೆ ಒರಗಿ ಐದು ನಿಮಿಷ ಉಸಿರಾಡಿದ.

ಸಂಜೆ ಆರಕ್ಕೆ ನೂರೆಂಟು ದೀಪಗಳು ಹಾಲಿನ ಮೆಟ್ಟಿಲುಗಳ ಮೇಲೆ ಕೂತವು. ಇಂದಿರಮ್ಮ ಕನ್ನಡಕ ಏರಿಸಿ, ಹೇರ್‌ಪಿನ್ನಿಗೆ ಹೊಸ ಬಟ್ಟೆ ಸುತ್ತಿ ಬಂದರು. ಬಳಗಕ್ಕೆ ಬಳಗವೇ ಸುತ್ತ ನಿಂತಿತು, ಈ ಸಲ ಎಷ್ಟು ವಾಪಸ್ಸು ಬರುತ್ತವೆ ಎಂದು ಎಣಿಸಲು. ಮೊದಲ ದೀಪ. ಬಟ್ಟೆ ಬೆಳ್ಳಗೆ. ಹತ್ತನೆಯದು, ಬೆಳ್ಳಗೆ. ಐವತ್ತು. ತೊಂಬತ್ತು. ನೂರೆಂಟನೆಯದನ್ನು ಅವರು ತಿರುಗಿಸಿ, ಮುರುಗಿಸಿ, ತಳ ನೋಡಿ, ಮೂಗಿನ ಹತ್ತಿರ ಹಿಡಿದು ಮೂಸಿ ಕೆಳಗಿಟ್ಟರು.

"ಒಂದರಲ್ಲೂ ಕಪ್ಪಿಲ್ಲ," ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಈ ಗಿಳಿ ನೋಡಿ ನಲವತ್ತು ವರ್ಷ ಆಗಿತ್ತು ಕಣಪ್ಪಾ. ಈ ದೀಪಗಳು ನಮ್ಮತ್ತೆ ಕಾಲದ್ದು."

ದೀಪ ಹಚ್ಚಿ ಹಾಲಿನ ಲೈಟು ಆರಿಸಿದರು. ನೂರೆಂಟು ಜ್ವಾಲೆ, ಹಿತ್ತಾಳೆಯಲ್ಲಿ ಮತ್ತೆ ನೂರೆಂಟು. ಜನ ಹೋ ಎಂದು ಕೂಗಿದರು. ಹೋದ ವರ್ಷ ನಕ್ಕಿದ್ದ ಗಂಡಸರನ್ನು ಅವರವರ ಹೆಂಡಂದಿರು ಮೊಣಕೈಯಲ್ಲಿ ತಿವಿದರು. "ನೋಡ್ಕೊಳ್ರಿ, ಅದು ಕೈ ಅಂದ್ರೆ!" ಹೇಮಲತಾ ಅವರ ವಡೆಗೂ ಚಪ್ಪಾಳೆ ಬಿತ್ತು. ತ್ರಿವಿಕ್ರಮನಿಗೆ ಭೂಮಿ ಕಾಲಿಗೆ ತಾಕುತ್ತಿರಲಿಲ್ಲ. ಗೆದ್ದೆ! ಮೂರು ವರ್ಷದ ಅವಮಾನ ತೊಳೆದುಹೋಯಿತು, ಇನ್ನು ಜನ್ಮದಲ್ಲಿ ಹುಣಸೆಹಣ್ಣು ಮುಟ್ಟುವುದಿಲ್ಲ.

ಇಂದಿರಮ್ಮ ಅವನ ಕೈ ಹಿಡಿದುಕೊಂಡು ವೇದಿಕೆಗೆ ಕರೆದೊಯ್ದರು. ಮೈಕಿನ ಮುಂದೆ ಮೆಲ್ಲಗೆ ಕೇಳಿದರು. "ನಿಜ ಹೇಳು ಮಗಾ. ಬರೀ ಕೈಯಲ್ಲೇ ತೊಳೆದ್ಯಾ? ಮಷಿನ್ನು ಗಿಷಿನ್ನು ಏನೂ ಇಲ್ವಾ?"

ಮುಂದಿನ ಸಾಲಿನಲ್ಲಿದ್ದ ಉಷಾ ಹುಬ್ಬು ಹಾರಿಸಿ, ಹೇಳಿಬಿಡಿ ಎಂದು ಸನ್ನೆ ಮಾಡಿದಳು. ತ್ರಿವಿಕ್ರಮ ಅದನ್ನು ಕಂಡೂ ಕಾಣದವನಂತೆ ಎದೆಯುಬ್ಬಿಸಿದ.

"ಛೆ ಛೆ! ದೇವರ ದೀಪಕ್ಕೆ ಮಷಿನ್ನಾ ಅಮ್ಮಾ? ಈ ಹತ್ತು ಬೆರಳು, ಒಂದುಂಡೆ ಹುಣಸೆಹಣ್ಣು, ಸ್ವಲ್ಪ ಭಕ್ತಿ. ಅಷ್ಟೇ."

ಕಿವಿಗಡಚಿಕ್ಕುವ ಚಪ್ಪಾಳೆ. ಆಗ ಅಂದಿನ ಮುಖ್ಯ ಅತಿಥಿ ಎದ್ದು ಬಂದರು. ಅವರು ಗುರುಶಾಂತಪ್ಪ, ಬೆಳಗಾವಿಯವರು, ಈಗ ಮೆಲ್ಬರ್ನಿನ ಕ್ಲೈಡ್ ನಾರ್ತ್ ಕನ್ನಡ ಬಳಗದ ಅಧ್ಯಕ್ಷರು.

"ಬಂಧುಗಳ, ನಾ ಇವತ್ತ ನಿಮಗೊಂದು ಕಾಣಿಕಿ ತಂದಿದ್ದೆ," ಎಂದು ಮೇಜಿನ ಮೇಲಿದ್ದ ಗಂಟಿನ ರೇಷ್ಮೆ ಬಟ್ಟೆ ಎಳೆದರು. ಕೆಳಗೆ ಇದ್ದದ್ದು ಒಂದು ಟಂಬ್ಲರ್. ಪ್ಲಾಸ್ಟಿಕ್ ಮುಚ್ಚಳ, ಹುರಿಯಂಥ ಬೆಲ್ಟು. ಅಗ್ಗದ್ದು ಎಂದು ತ್ರಿವಿಕ್ರಮನಿಗೆ ಒಂದೇ ನೋಟಕ್ಕೆ ತಿಳಿಯಿತು.

"ಇದು ತೋಟಾ ತೊಳಿಯೂ ಮಷಿನ್. ಹೋದ ವರ್ಷದಿಂದ ನಮ್ಮಲ್ಲಿ ದೀಪ ಇದರಾಗ ತೊಳಿತೇವಿ. ಯಾರ ಐಡಿಯಾ ಅಂತೀರಿ? ಇದೇ ನಿಮ್ಮ ಇಂದಿರಮ್ಮನವರದು!"

ಇಂದಿರಮ್ಮ ಸಂಕೋಚದಿಂದ ನಕ್ಕರು. "ನಮ್ಮ ತ್ರಿವಿಕ್ರಮನ ಬೆರಳು ನೋಡಿ ಹೋದ್ಸಲ ಕರುಳು ಚುರ್ ಅಂದಿತ್ತು. ಪಾಪ, ಮುಂದಿನ ವರ್ಷದಿಂದ ನಾವೂ ಮಷಿನ್ ಇಟ್ಕೊಂಡು ಚೀಟಿ, ನಿಯಮ ಎಲ್ಲಾ ತೆಗೆದುಹಾಕೋಣ ಅಂತ ಇವರಿಗೆ ಹೇಳಿ ತರಿಸಿದ್ದೆ."

"ಆದ್ರ," ಎಂದು ಗುರುಶಾಂತಪ್ಪ ದನಿ ಏರಿಸಿದರು, "ಈ ದೀಪ ನೋಡಿದ ಮ್ಯಾಲೆ ನನಗ ನಾಚಿಕಿ ಆಗೇತಿ. ನಮ್ಮ ಮಷಿನ್ ತೊಳದದ್ದು ಇದರ ಕಾಲ್ಧೂಳಿಗೂ ಸಮ ಇಲ್ಲ. ನಾ ಇದನ್ನ ವಾಪಸ್ ಒಯ್ತೇನಿ. ಮುಂದಿನ ಶನಿವಾರ ತ್ರಿವಿಕ್ರಮ ಅವರು ಕ್ಲೈಡ್ ನಾರ್ತ್‌ಗೆ ಬರಬೇಕು. ಮುನ್ನೂರ ಅರವತ್ತು ದೀಪ ಅದಾವ. ಮಂದಿ ಎಲ್ಲಾ ಸುತ್ತ ಕುಂತು ಇವರ ಕೈ ನೋಡಿ ಕಲೀತಾರ. ಟಿಕೆಟ್ ಈಗ ಕುಂತಲ್ಲೇ ಬುಕ್ ಮಾಡೇನಿ!"

"ಇಲ್ಲಿ ಮಾತ್ರ ಯಾಕೆ ಬಿಡ್ಬೇಕು?" ಎಂದರು ಇಂದಿರಮ್ಮ, ತ್ರಿವಿಕ್ರಮನ ಬೆನ್ನು ಸವರುತ್ತ. "ಇಂಥ ಭಕ್ತನಿಂದ ಈ ಸೇವೆ ಕಿತ್ಕೊಂಡ್ರೆ ಪಾಪ ಬರುತ್ತೆ. ಇನ್ಮೇಲೆ ಪ್ರತಿ ವರ್ಷ ಇವನೇ. ನಮ್ಮ ಹಾಲಲ್ಲೇ, ನಮ್ಮೆಲ್ಲರ ಮುಂದೆ ಕೂತು ತೊಳೀಲಿ. ಎಲ್ಲರೂ ಕಣ್ತುಂಬ ನೋಡೋಣ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತ್ರಿವಿಕ್ರಮ ಹೂಮಾಲೆ ಹಾಕಿಸಿಕೊಂಡು, ಕೈಮುಗಿದು, ಅಳು ಬಂದ ಮುಖದಲ್ಲಿ ನಗುತ್ತ ನಿಂತ. ಭಕ್ತಿಯಿಂದ ಕಣ್ಣು ತುಂಬಿದೆ ಎಂದು ಜನ ಇನ್ನೂ ಜೋರಾಗಿ ತಟ್ಟಿದರು. ಕೆಳಗೆ ಉಷಾ ಆಗಲೇ ಫೋನ್ ತೆಗೆದು ಬ್ಲ್ಯಾಕ್‌ಟೌನಿನ ಅಂಗಡಿಗೆ ಹುಣಸೆಹಣ್ಣಿನ ಆರ್ಡರ್ ಕಳಿಸುತ್ತಿದ್ದಳು.