ಗೊಟ್ಟದ ವಿರುದ್ಧ ನನ್ನ ಭಾಷಣ

ಪ್ರಾಣಿದಯೆಯ ವಿಷಯದಲ್ಲಿ ನಾನು ಕಲಿಯುವುದು ಏನೂ ಉಳಿದಿಲ್ಲವೆಂದು ಆ ಕಾರಹುಣ್ಣಿಮೆಯವರೆಗೆ ನಂಬಿದ್ದೆ. ಮೂಡಲಗಿಯಲ್ಲಿ ನನ್ನದು ಅರಿವೆ ಅಂಗಡಿ. ಜೈನರ ಮನೆಯಲ್ಲಿ ಹುಟ್ಟಿದವನು. ಕತ್ತಲಾದ ಮೇಲೆ ಊಟವಿಲ್ಲ, ಸೋಸದ ನೀರು ಮುಟ್ಟುವುದಿಲ್ಲ. ಇಂಥವನಿಗೆ ದಯೆಯ ಪಾಠ ಯಾರು ಹೇಳಬೇಕು? ನಾನೇ ಊರಿಗೆ ಹೇಳಬೇಕು. ಹೇಳಿದೆ!

ನಮ್ಮ ಕಡೆ ಕಾರಹುಣ್ಣಿಮೆ ಬಂತೆಂದರೆ ಎತ್ತಿನ ಬಾಯಿ ಎತ್ತಿ ಹಿಡಿದು, ಓರೆಯಾಗಿ ಕೊಯ್ದ ಬಿದಿರಿನ ಕೊಳವೆಯಿಂದ ಎಣ್ಣೆ, ಮೊಟ್ಟೆ, ಅರಿಷಿಣ ಗಂಟಲಿಗೆ ಸುರಿಯುತ್ತಾರೆ. ಆ ಕೊಳವೆಯೇ ಗೊಟ್ಟ. ಅದನ್ನು ಕಂಡರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಆ ವರ್ಷವೂ ಹಬ್ಬಕ್ಕೆ ಮುಂಚೆ ವಾಚನಾಲಯದ ಕಟ್ಟೆಯ ಮೇಲೆ ನಿಂತು ಅದರ ವಿರುದ್ಧ ಭಾಷಣ ಬಿಗಿದೆ. ಎದ್ದು ಪ್ರಶ್ನೆ ಕೇಳಿದವನು ನಮ್ಮ ಬಾಜೂ ಮನೆಯ ರೈತ ಭೀಮಪ್ಪ ಒಬ್ಬನೇ.

“ಸಾವಕಾರ್ರ, ದನಕ್ಕ ಜಡ್ಡು ಬಂದ್ರ ಔಷಧ ಹೆಂಗ ಕುಡಸೂದ್ರಿ?”

“ಪ್ರೀತಿಲೆ ಕುಡಸಬೇಕು!”

“ಅದು ಬಾಯಿ ತಗೀಲಿಲ್ಲಂದ್ರ?”

“ನಿನ್ನ ಪ್ರೀತಿ ಕಡಿಮಿ ಆತು ಅಂತ ತಿಳಕೊ!”

ಜನ ಚಪ್ಪಾಳೆ ತಟ್ಟಿದರು. ಭೀಮಪ್ಪ ತಲೆ ಕೆರೆದುಕೊಂಡು, “ಇರಬಹುದ್ರಿ, ವಿಚಾರ ಮಾಡ್ತೇನಿ” ಎಂದು ಕುಳಿತ. ಪಾಪ, ಸೋತ ಎಂದುಕೊಂಡೆ.

ಹಬ್ಬದ ದಿನ ಊರಿಗೆ ಮಾದರಿ ತೋರಿಸಲು ಸಿದ್ಧನಾದೆ. ನಮ್ಮಲ್ಲಿ ಎತ್ತು ಇರಲಿಲ್ಲ. ಒಂದು ಎಮ್ಮೆ ಇತ್ತು. ಅದು ಕರುವಾಗಿದ್ದಾಗ ನನ್ನ ಹೆಂಡತಿ ಪದ್ಮಾವತಿ ಹುಕ್ಕೇರಿಯ ತವರಿನಿಂದ ತಂದದ್ದು. ನನ್ನ ಮೇಲೆ ಸಿಟ್ಟು ಬಂದಾಗ ಅವಳು ಸುಖ ದುಃಖ ಹೇಳಿಕೊಳ್ಳುವುದು ಅದರ ಮುಂದೆಯೇ. ಅಂದರೆ ಹೆಚ್ಚುಕಡಿಮೆ ದಿನಾಲೂ. ಪ್ರೀತಿಯಿಂದ ಉಣ್ಣಿಸುವುದೆಂದರೆ ಏನೆಂದು ಎಲ್ಲರೂ ನೋಡಲಿ ಎಂದು ಆ ಎಮ್ಮೆಯ ಮುಂದೆ ಹೋಳಿಗೆ, ಕಡಬು, ನೆನೆಸಿದ ಜೋಳ ಸುರಿದೇ ಸುರಿದೆ.

ಮಧ್ಯಾಹ್ನ ಹಿತ್ತಲಿನಿಂದ ಪದ್ಮಾವತಿಯ ಕೂಗು ಕೇಳಿತು.

“ಏನ್ರಿ, ಎಮ್ಮಿ ಹೊಟ್ಟಿ ನಗಾರಿ ಆಗೇತಿ! ಏನ್ ತಿನಿಸೀರಿ?”

“ಹೋಳಗಿ.”

“ಎಷ್ಟು?”

“ಅದು ಬ್ಯಾಡ ಅನಲಿಲ್ಲ.”

ಎಮ್ಮೆ ಮೆಲುಕು ಬಿಟ್ಟು, ಕಾಲು ಝಾಡಿಸುತ್ತ ಉಸಿರಿಗೆ ಒದ್ದಾಡುತ್ತಿತ್ತು. ಪದ್ಮಾವತಿ ಕಣ್ಣೊರೆಸಿಕೊಳ್ಳುತ್ತಲೇ ಕುಸುಬೆ ಎಣ್ಣೆಯಲ್ಲಿ ಇಂಗು, ಓಂಕಾಳು ಕಲಸಿ ನನ್ನ ಕೈಗೆ ಕೊಟ್ಟಳು. “ಕುಡಸ್ರಿ. ಪ್ರೀತಿಲೆ!”

ತಂಬಿಗೆ ಹಿಡಿದು “ಬಾರವ್ವ, ಬಂಗಾರ” ಎಂದೆ. ಅದು ಹಲ್ಲು ಕಚ್ಚಿ ನಿಂತಿತು. ಗದ್ದ ತುರಿಸಿದೆ. ಕೋಡು ಬೀಸಿತು. ತಂಬಿಗೆಯ ಅರ್ಧ ಔಷಧ ನನ್ನ ಧೋತರಕ್ಕೆ ಆಯಿತು!

“ಭೀಮಪ್ಪನ ಮನಿಯಿಂದ ಗೊಟ್ಟ ತರ್ರಿ! ನನ್ನ ಎಮ್ಮಿ ಸತ್ತರ ನಿಮ್ಮ ಭಾಷಣಾನ ಹಿಂಡಿಕೊಂಡು ಹಾಲು ಕುಡೀರಿ!”

ಧೋತರ ಎತ್ತಿ ಕಟ್ಟಿ ಓಡಿದೆ. ಭೀಮಪ್ಪ ಮನೆಯ ಮುಂದೆಯೇ ಕುಳಿತಿದ್ದ.

“ಭೀಮಪ್ಪಾ, ಗೊಟ್ಟ ಕೊಡೋ!”

ಅವನ ಮುಖ ಅರಳಿತು. “ಸುಡಾಕ ಏನ್ರಿ? ತ್ರಾಸ ತಗೋಬ್ಯಾಡ್ರಿ. ವಿಚಾರ ಮಾಡಿದೆ, ನಿಮ್ಮ ಮಾತು ಖರೆ ಅನಿಸ್ತು. ನಿನ್ನೆನ ಒಲಿಗೆ ಹಾಕಿಬಿಟ್ಟೆ.”

ನಾನು ಇಷ್ಟು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಒಬ್ಬನ ಮನಸ್ಸು ತಿರುಗಿತ್ತು. ಆ ಒಬ್ಬ ಇವನೇ ಆಗಬೇಕೆ! ಅವನ ಪಕ್ಕದಲ್ಲೇ ಕುಳಿತುಬಿಟ್ಟೆ. ಇನ್ನು ಪದ್ಮಾವತಿಗೆ ಯಾವ ಮುಖ ತೋರಿಸಲಿ?

ಅಷ್ಟರಲ್ಲಿ ಅವನ ಹೆಂಡತಿ ನೀಲವ್ವ ಒಳಗಿನಿಂದ ಬಂದಳು. ಕೈಯಲ್ಲಿ ಗೊಟ್ಟ! ಹಿಂದಿನ ತುದಿ ಮಾತ್ರ ಸ್ವಲ್ಪ ಕರಕಾಗಿತ್ತು.

“ಇವರು ಹಾಕಿದ ಕೂಡ್ಲೆ ನಾ ಹೊರಗ ತಗದೇನ್ರಿ. ಗಂಡಸರ ವಿಚಾರ ವಾರಕ್ಕೊಮ್ಮೆ ತಿರಗತಾವ. ಅದಕ್ಕ ಸಾಮಾನ ಯಾಕ ಸುಡಬೇಕು?”

ಭೀಮಪ್ಪ ನಮ್ಮ ಹಿತ್ತಲಿಗೆ ಬಂದು ಎಮ್ಮೆಯ ಬಾಯಿ ಎತ್ತಿ ಹಿಡಿದ. ಪದ್ಮಾವತಿ ಉಳಿದ ಔಷಧವನ್ನು ಗೊಟ್ಟದಲ್ಲಿ ತುಂಬಿ, ಗುಟುಕು ಗುಟುಕಾಗಿ ಬಿಟ್ಟಳು. ಬಾಲ ಹಿಡಿಯುವ ಜವಾಬ್ದಾರಿಯನ್ನು ನನಗೆ ವಹಿಸಲಾಯಿತು. ಹೊಟ್ಟೆ ತಿಕ್ಕುತ್ತ ತಿಕ್ಕುತ್ತ ಎಮ್ಮೆಗೆ ಹಗುರಾಯಿತು. ಹಗುರಾದ ಸುದ್ದಿ ಎಲ್ಲರಿಗಿಂತ ಮೊದಲು ಬಾಲದ ಹತ್ತಿರ ನಿಂತವನಿಗೇ ತಲುಪಿತು!

ಮುಖ ತೊಳೆದುಕೊಂಡು ಬಂದು, “ಭೀಮಪ್ಪಾ, ನಂದ ತಪ್ಪಾತು. ಗೊಟ್ಟ ಬೇಕಪ್ಪ” ಎಂದೆ.

“ಜಡ್ಡಿಗೆ ಬೇಕ್ರಿ. ಹಬ್ಬಕ್ಕ ಮೊಟ್ಟಿ ಸುರಿಯೂದು ಬ್ಯಾಡ. ಅದರಾಗ ನಿಮ್ಮ ಮಾತು ಬರೋಬ್ಬರಿ.”

ನನ್ನ ಭಾಷಣದಲ್ಲಿ ಅರ್ಧ ನಿಜವಿತ್ತಂತೆ. ಯಾವ ಅರ್ಧವೆಂಬುದನ್ನು ಅವನೇ ಆರಿಸಿಕೊಂಡಿದ್ದ. ಅವನ ಪ್ರಶ್ನೆಯಲ್ಲಿ ಏನಾದರೂ ಇದ್ದೀತೆಂದು ನಾನು ತಿರುಗಿಯೂ ನೋಡಿರಲಿಲ್ಲ. ನಾಚಿಕೆಯಾಯಿತು.

ಎಮ್ಮೆ ಈಗ ಚೆನ್ನಾಗಿದೆ. ಆದರೆ ನನ್ನನ್ನು ಕಂಡರೆ ಹಾಲು ಬಿಡುವುದಿಲ್ಲ. ಹಿಂಡುವ ಹೊತ್ತಾದರೆ ಪದ್ಮಾವತಿ, “ಏನ್ರಿ, ಸ್ವಲ್ಪ ಓಣ್ಯಾಗ ಹೋಗಿ ನಿಂದರ್ರಿ” ಎನ್ನುತ್ತಾಳೆ. ಸಕಲ ಪ್ರಾಣಿಗಳ ಪರಮಮಿತ್ರನಾದ ನಾನು ಹೋಗಿ ನಿಲ್ಲುತ್ತೇನೆ.