ಕೆಮ್ಮಣ್ಣಿನ ಡೆಂಜಿ ಜ್ವರ

ಆಗೆಲ್ಲ ಕೆಮ್ಮಣ್ಣಿಗೆ ಪೇಪರು ಬರುತ್ತಿದ್ದದ್ದು ಬಸ್ಸಿನಲ್ಲಿ, ಸುದ್ದಿ ಬರುತ್ತಿದ್ದದ್ದು ಬೇಬಿಯಕ್ಕನ ಬಾಯಲ್ಲಿ. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಟೈಲರ್ ಉಮಾನಾಥನಿಗೆ ಮೈಮುರಿಯುವ ಜ್ವರ ಬಂತು. ಮಣಿಪಾಲದ ಡಾಕ್ಟರು "ಡೆಂಗಿ" ಅಂದರು. ಜೊತೆಗೆ ಹೋಗಿದ್ದ ನೆರೆಮನೆಯ ಬೇಬಿಯಕ್ಕ ಕೇಳಿಸಿಕೊಂಡದ್ದು "ಡೆಂಜಿ". ತುಳುವಿನಲ್ಲಿ ಡೆಂಜಿ ಅಂದರೆ ಏಡಿ. ಘಟ್ಟದ ಮೇಲಿಂದ ಬಂದ ಡಾಕ್ಟರಿಗೆ ತುಳು ಬಾರದು, ಬೇಬಿಯಕ್ಕನಿಗೆ ಸುಮ್ಮನಿರಲು ಬಾರದು. ಕೇಳಬೇಕೇ!

ಮರುದಿನ ಬೆಳಿಗ್ಗೆ ಏಡಿ ಮಾರುವ ಭುಜಂಗ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು "ಡೆಂಜೀ..." ಎಂದು ಕೂಗಿದ್ದೇ ತಡ, ಬಾಗಿಲುಗಳೆಲ್ಲ ದಡಬಡ ಮುಚ್ಚಿಕೊಂಡವು. ಹಿಂದಿನ ದಿನವಷ್ಟೇ ಇಡೀ ಬುಟ್ಟಿ ತನಗೇ ಬೇಕೆಂದಿದ್ದ ಕಾನ್ಸೆಪ್ಟಾಬಾಯಿ ಕಿಟಕಿಯಿಂದಲೇ ಕೈಯಲ್ಲಾಡಿಸಿದರು. "ಬೇಡ ಮಾರಾಯ, ನನಗೆ ಜೀವದ ಆಸೆ ಉಂಟು!"

ಬೇಬಿಯಕ್ಕ ಅಂಗಳಕ್ಕೇ ಬಂದಳು. "ಉಮಾನಾಥ ಮೊನ್ನೆ ತಿಂದದ್ದು ನಿನ್ನದೇ ಡೆಂಜಿ ಅಲ್ವಾ? ಈಗ ಗಂಟುಗಂಟಿನಲ್ಲಿ ಏಡಿ ಕಚ್ಚಿ ಹಿಡಿದ ಹಾಗೆ ನೋವಂತೆ. ಇನ್ನೆಂತ ಸಾಕ್ಷಿ ಬೇಕು?"

"ಅದೇ ಬುಟ್ಟಿಯದ್ದು ನೀವೂ ತಿಂದಿದ್ದೀರಲ್ಲ ಬೇಬಿಯಕ್ಕ!"

"ಅದಕ್ಕೇ ನನಗೆ ನಿನ್ನೆಯಿಂದ ಸೊಂಟ ನೋವು!"

ಸತ್ತ ಏಡಿಯನ್ನು ಯಾರೂ ಕೊಳ್ಳುವುದಿಲ್ಲ. ಸಂಜೆಯೊಳಗೆ ಈ ಮಾತು ಅಳಿಯದಿದ್ದರೆ ಬುಟ್ಟಿಯೂ ಹೊಳೆಗೆ, ಕಸುಬೂ ಹೊಳೆಗೆ. ಆ ಡಾಕ್ಟರನ್ನೇ ಕೇಳಿಬಿಡೋಣವೆಂದು ಭುಜಂಗ, ಪುರಾವೆಗಿರಲಿ ಎಂದು ಬುಟ್ಟಿಯ ಸಮೇತ ಮಣಿಪಾಲದ ಬಸ್ಸು ಹತ್ತಿದ. ಇಂದ್ರಾಳಿಯ ಹತ್ತಿರ ಒಂದು ಏಡಿ ಹೊರಬಂದು ಕಂಡಕ್ಟರನ ಪ್ಯಾಂಟು ಕಚ್ಚಿತು. ಅಲ್ಲಿಂದ ಮಣಿಪಾಲದ ಏರನ್ನು ಭುಜಂಗ ನಡೆದೇ ಹತ್ತಿದ.

ಕತೆ ಕೇಳಿ ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಲಸ ಮುಗಿಸಿ ಸ್ಕೂಟರಿನ ಹಿಂದೆ ಅವನನ್ನೂ ಬುಟ್ಟಿಯನ್ನೂ ಕೂರಿಸಿಕೊಂಡು ಬಂದೇಬಿಟ್ಟರು. ಆ ಕಾಲದ ಡಾಕ್ಟರಿಗೆ ನಗಲಿಕ್ಕೂ ಪುರುಸೊತ್ತಿತ್ತು, ಊರಿಗೆ ಬರಲಿಕ್ಕೂ. ಈಗ ನೆನೆದರೆ ಹೊಟ್ಟೆಯುರಿಯುತ್ತದೆ.

"ಏಡಿಗೂ ಈ ಜ್ವರಕ್ಕೂ ಸಂಬಂಧ ಇಲ್ಲ ಕಣ್ರೀ," ಎಂದರು ಡಾಕ್ಟರು, ನೆರೆದವರಿಗೆ. "ಇದು ಸೊಳ್ಳೆಯಿಂದ ಬರೋದು. ಕಾಲಿಗೆ ಬಿಳಿ ಪಟ್ಟೆ ಇರೋ ಸೊಳ್ಳೆ, ಹಗಲಲ್ಲೇ ಕಚ್ಚುತ್ತೆ. ಕೊಚ್ಚೇಲಲ್ಲ, ನಿಂತ ತಿಳಿನೀರಲ್ಲಿ ಮೊಟ್ಟೆ ಇಡುತ್ತೆ."

"ಹಾಗಾದರೆ ಬುಟ್ಟಿ ಇಳಿಸು ಮಾರಾಯ," ಎಂದು ಕಾನ್ಸೆಪ್ಟಾಬಾಯಿ ಪಾತ್ರೆ ತಂದು ಏಡಿ ತುಂಬಿಸಿಕೊಂಡರು. ಭುಜಂಗ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಗೆದ್ದವನ ನಾಲಿಗೆ ನಿಲ್ಲುತ್ತದೆಯೇ?

"ಆ ಸೊಳ್ಳೆ ಯಾರ ಮನೆಯಲ್ಲಿ ಹುಟ್ಟಿದ್ದು ಅಂತ ಈಗಲೇ ಹುಡುಕಿ ಡಾಕ್ಟ್ರೇ! ಬೇಬಿಯಕ್ಕನ ಮನೆಯಿಂದಲೇ ಶುರು ಮಾಡಿ!"

ಬೇಬಿಯಕ್ಕನ ಹಂಡೆಗೆ ಮುಚ್ಚಳವಿತ್ತು. ಉಮಾನಾಥನ ಬಾವಿಕಟ್ಟೆಯಲ್ಲಿ ನೀರು ನಿಂತಿರಲಿಲ್ಲ. ಪಕ್ಕದ್ದೇ ಭುಜಂಗನ ಮನೆ. ಹಿತ್ತಿಲಲ್ಲಿ ಸಾಲಾಗಿ ಮಡಕೆಗಳು, ತುಂಬ ಮಳೆನೀರು, ನೀರು ತುಂಬ ಕುಣಿಯುವ ಹುಳು.

"ಇವೇ ಸೊಳ್ಳೆ ಮರಿ," ಎಂದರು ಡಾಕ್ಟರು. "ಈ ಮಡಕೆಗಳು ಯಾತಕ್ಕೆ ಇಟ್ಟಿರೋದು?"

ಭುಜಂಗ ಮಡಕೆಗಳಿಗೆ ಅಡ್ಡ ನಿಂತ. ಕಾನ್ಸೆಪ್ಟಾಬಾಯಿ ಪಾತ್ರೆಯಲ್ಲಿದ್ದ ಏಡಿಗಳನ್ನೆಲ್ಲ ಅವನ ಬುಟ್ಟಿಗೇ ಸುರಿದರು.

ಬೇಬಿಯಕ್ಕ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಡೆಂಜಿ ಹಾಕಿಡ್ಲಿಕ್ಕೆ, ಡಾಕ್ಟ್ರೇ."